ಕೋಡ್ ಬಂತು, ಮಾತುಕತೆ ಅಲ್ಲೇ ಉಳಿಯಿತು

2014ರ ಡಿಸೆಂಬರ್ ಕೊನೆಯಲ್ಲಿ ತಂತ್ರಾಂಶ ಬರೆಯುವವರು ಕೋಡ್ ಇಟ್ಟು ಹಂಚಿಕೊಳ್ಳುವ ತಾಣ ಗಿಟ್‌ಹಬ್ ಭಾರತದ ಹಲವು ಕಡೆ ತೆರೆಯಲೇ ಇಲ್ಲ. ದೂರಸಂಪರ್ಕ ಇಲಾಖೆ ತಡೆಯಲು ಹೇಳಿದ್ದ 32 ತಾಣಗಳ ಪಟ್ಟಿಯಲ್ಲಿ ಅದೂ ಸೇರಿತ್ತು. ಕೆಲವೇ ದಿನಗಳಲ್ಲಿ ಬಾಗಿಲು ತೆರೆಯಿತು ಅನ್ನಿ. ಆದರೆ ಒಂದು ವಿಳಾಸ ಮುಚ್ಚಿದರೆ ಎಷ್ಟು ಜನರ ಕೈ ಕಟ್ಟಿಹೋಗುತ್ತದೆ ಅನ್ನೋದು ಗೊತ್ತಾಯಿತು.

ತಮಾಷೆ ಏನೆಂದರೆ, ಗಿಟ್‌ಹಬ್‌ಗೆ ಬುನಾದಿಯಾದ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶ) ಹುಟ್ಟಿದ್ದೇ ಇಂಥ ಹಂಗು ಬೇಡ ಎಂದು. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಬರೆಯುವ ತಂಡ ಇದೇ ಕೆಲಸಕ್ಕೆ ಬಿಟ್‌ಕೀಪರ್ ಎಂಬ ಖಾಸಗಿ ತಂತ್ರಾಂಶವನ್ನು ಪುಕ್ಕಟೆ ಬಳಸುತ್ತಿತ್ತು. 2005ರಲ್ಲಿ ಆ ಸವಲತ್ತು ನಿಂತಿತು. ಏಪ್ರಿಲ್‌ನಲ್ಲಿ ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಗಿಟ್ ಬರೆಯಲು ಕೂತರು. ಕ್ಲೋನ್ (ಪೂರ್ತಿ ನಕಲು) ಮಾಡಿದವರ ಲ್ಯಾಪ್‌ಟಾಪ್‌ಗೆಲ್ಲ ಪ್ರಾಜೆಕ್ಟಿನ ಪೂರ್ತಿ ಚರಿತ್ರೆ ಬಂದು ಕೂರುತ್ತದೆ. ಕೇಂದ್ರ ಅಂತ ಒಂದು ಬೇಕೇ ಇಲ್ಲ.

ಆದರೂ ಕೇಂದ್ರ ಬೆಳೆಯಿತು. 2008ರಲ್ಲಿ ಬಂದ ಗಿಟ್‌ಹಬ್ ಅಷ್ಟು ಸಲೀಸಾಗಿತ್ತು. ಇಂಥದ್ದೇ ತಾಣವಾದ ಗೂಗಲ್ ಕೋಡ್ 2016ರಲ್ಲಿ ಮುಚ್ಚಿತು, ಅಲ್ಲಿದ್ದ ಎಷ್ಟೋ ಮಂದಿ ಇಲ್ಲಿಗೇ ಬಂದರು. 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರ್‌ಗೆ ಇದನ್ನು ಕೊಂಡಾಗ ಗೊಣಗಾಟ ಜೋರಾಯಿತು. ಮರುವರ್ಷ ಅಮೆರಿಕದ ನಿರ್ಬಂಧದ ಹೆಸರಲ್ಲಿ ಇರಾನ್, ಸಿರಿಯಾದವರ ಖಾತೆಗಳಿಗೆ ಕತ್ತರಿ ಬಿತ್ತು. 2020ರ ಅಕ್ಟೋಬರ್‌ನಲ್ಲಿ ಸಂಗೀತ ಕಂಪನಿಗಳ ಸಂಘದ ಒಂದು ದೂರಿಗೆ ವಿಡಿಯೊ ಇಳಿಸಿಕೊಳ್ಳುವ ತಂತ್ರಾಂಶ ಯೂಟ್ಯೂಬ್-ಡಿಎಲ್ ಇಲ್ಲಿಂದ ಮಾಯವಾಯಿತು. ಮರಳಿ ಬರಲು ಮೂರು ವಾರಕ್ಕಿಂತ ಜಾಸ್ತಿ ಹಿಡಿಯಿತು.

ಹಾಗಾದ್ರೆ ಸುಮ್ನೆ ಎದ್ದು ಹೋಗಬಹುದಲ್ವಾ? ಕೋಡ್ ಹೋಗುತ್ತದೆ, ಒಂದೇ ಕಮಾಂಡ್ ಸಾಕು. ಬರದೇ ಉಳಿಯೋದು ಬಗ್ (ದೋಷ) ವರದಿ, ಜಗಳ, ಒಪ್ಪಿಗೆ. ಅವು ಗಿಟ್‌ನಲ್ಲಿಲ್ಲ, ಕಂಪನಿಯ ಡೇಟಾಬೇಸಿನಲ್ಲಿವೆ. 2025ರ ನವೆಂಬರ್‌ನಲ್ಲಿ ಜಿಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ತಂಡ ಇಂಥದ್ದೇ ತಾಣ ನಡೆಸುವ ಬರ್ಲಿನ್‌ನ ಲಾಭರಹಿತ ಸಂಸ್ಥೆ ಕೋಡ್‌ಬರ್ಗ್‌ಗೆ ಹೋಯಿತು. ಹಳೆಯ ಇಶ್ಯೂಗಳನ್ನು (ಬಗ್ ವರದಿ, ಅದರ ಚರ್ಚೆ) ಗಿಟ್‌ಹಬ್‌ನಲ್ಲೇ ಬಿಟ್ಟಿತು. ನಂಬರ್ ಗೊಂದಲ ಆಗದಿರಲೆಂದು ಹೊಸ ಮನೆಯಲ್ಲಿ ಎಣಿಕೆಯನ್ನು 30000ದಿಂದ ಶುರು ಮಾಡಿತು!

ರ‍್ಯಾಡಿಕಲ್ ಎಂಬ, ಕೇಂದ್ರವಿಲ್ಲದೆ ಜನರ ಮೆಷಿನ್‌ಗಳ ನಡುವೆಯೇ ಕೋಡ್ ಹಂಚುವ ತಂತ್ರಾಂಶ ಕೈ ಹಾಕಿರೋದು ಈ ಗಂಟಿಗೇ. 2024ರ ಸೆಪ್ಟೆಂಬರ್‌ನಲ್ಲಿ ಅದರ 1.0 ಆವೃತ್ತಿ ಬಂತು. ಇಲ್ಲಿ ಇಶ್ಯೂ, ಪ್ಯಾಚ್ (ಕೋಡ್ ತಿದ್ದುಪಡಿ) ಎಲ್ಲವೂ ಡಿಜಿಟಲ್ ಸಹಿ ಹಾಕಿದ ಗಿಟ್ ವಸ್ತುಗಳಾಗಿ ರೆಪೊ ಎಂಬ ಪ್ರಾಜೆಕ್ಟಿನ ಭಂಡಾರದೊಳಗೇ ಕೂರುತ್ತವೆ. ಕ್ಲೋನ್ ಮಾಡಿದರೆ ಜಗಳವೂ ಜೊತೆಗೇ ಬರುತ್ತದೆ. ಯೂಸರ್‌ನೇಮ್, ಪಾಸ್‌ವರ್ಡ್ ಇಲ್ಲ. ನಿಮ್ಮ ಮೆಷಿನ್‌ನಲ್ಲೇ ಹುಟ್ಟುವ ಕೀಲಿಯೇ ನಿಮ್ಮ ಗುರುತು. ಅದನ್ನು ಕಳಕೊಂಡರೆ 'ಪಾಸ್‌ವರ್ಡ್ ಮರೆತಿರಾ' ಎಂದು ಕೇಳುವವರೂ ಇಲ್ಲ. ಯಾವ ಬ್ರಾಂಚ್ (ಕೋಡಿನ ಕವಲು) ಅಸಲಿ ಅನ್ನೋದನ್ನು ಪ್ರಾಜೆಕ್ಟಿನ ಹೊಣೆ ಹೊತ್ತವರ ಸಹಿಗಳು ಹೇಳುತ್ತವೆ.

ಬೆಲೆಯೂ ಇದೆ. ರಾತ್ರಿ ನೀವು ಲ್ಯಾಪ್‌ಟಾಪ್ ಮುಚ್ಚಿ ಮಲಗಿದಿರಿ, ನಿಮ್ಮ ರೆಪೊದ ಪ್ರತಿ ಬೇರೆ ಯಾರಲ್ಲೂ ಇಲ್ಲ ಅನ್ನಿ. ಬೆಳಗಾಗುವ ತನಕ ಅದು ಯಾರಿಗೂ ಸಿಗದು. ಅದಕ್ಕೇ ಸೀಡ್ ನೋಡ್‌ಗಳು: ಸದಾ ಆನ್ ಇದ್ದು ಪ್ರತಿ ಕಾಯುವ ಮೆಷಿನ್‌ಗಳು. ಅದರ ಕರೆಂಟ್ ಬಿಲ್ ಯಾರೋ ಒಬ್ಬರು ಕಟ್ಟಲೇಬೇಕು. ಇನ್ನು ಅಪ್ಪಿತಪ್ಪಿ ಪಾಸ್‌ವರ್ಡ್ ಇರುವ ಕಡತವನ್ನು ಪುಷ್ ಮಾಡಿದರೆ (ಹೊರಗೆ ಕಳಿಸಿದರೆ), ಹತ್ತು ಮೆಷಿನ್‌ಗಳಿಗೆ ಹರಡಿದ್ದನ್ನು ಅಳಿಸಿ ಎಂದು ಕೇಳಲು ಒಂದು ಕಚೇರಿ ಕೂಡ ಇಲ್ಲ.