ಮಾಡಿನ ನೆತ್ತಿಗೆ ಕಿಂಡಿ ಕೊರೆಯುವ ಮೊದಲು ಸೂರಿನ ಕೆಳಗೆ ನೋಡಿ

ಸೀಲಿಂಗಿನ ಮೇಲೆ ಕಂದು ಕಲೆ ಕಂಡರೆ ಸಾಕು, ಮಾಡು ಸೋರುತ್ತಿದೆ ಅಂತ ಎಲ್ಲರೂ ತೀರ್ಮಾನ ಮಾಡಿಬಿಡುತ್ತಾರೆ. ಹೆಂಚು ಬದಲಿಸುತ್ತಾರೆ, ಶೀಟಿನ ಬೋಲ್ಟುಗಳಿಗೆ ಹೊಸ ವಾಷರ್ ಹಾಕಿಸುತ್ತಾರೆ, ವಾಟರ್‌ಪ್ರೂಫಿಂಗ್ ಬಳಿಸುತ್ತಾರೆ. ಆದರೂ ಕಲೆ ಮತ್ತೆ ಬರುತ್ತದೆ. ಮನೆಗಳ ತಪಾಸಣೆ ನನ್ನ ಕೆಲಸ. ಇಂಥ ಕಡೆ ನಾನು ಮೊದಲು ಕೇಳುವುದು ಒಂದೇ: ಮಳೆಯೇ ಇಲ್ಲದ ದಿನವೂ ಅದು ಒದ್ದೆಯಾಗಿರುತ್ತದಾ? ಹೌದು ಅಂದರೆ, ಪೈಪ್ ಏನೂ ಒಡೆದಿಲ್ಲ ಅಂತ ಖಾತ್ರಿಯಾದರೆ, ಆ ನೀರು ಆಕಾಶದಿಂದ ಬಂದಿದ್ದಲ್ಲ. ಹೆಚ್ಚಾಗಿ ಮನೆಯೊಳಗಿಂದಲೇ ಮೇಲೆ ಹೋಗಿದ್ದು.

ಹೇಗೆ ಅಂತೀರಾ? ನಾಲ್ಕು ಜನರಿರುವ ಮನೆಯಲ್ಲಿ ಉಸಿರು, ಅಡುಗೆ, ಸ್ನಾನ, ಒಳಗೆ ಒಣಗಿಸುವ ಬಟ್ಟೆ ಎಲ್ಲ ಸೇರಿ ದಿನಕ್ಕೆ ಸುಮಾರು 10 ಲೀಟರ್ ನೀರು ಆವಿಯಾಗಿ ಗಾಳಿಗೆ ಸೇರುತ್ತದೆ. ಬೆಚ್ಚಗಿನ ಗಾಳಿ ಆವಿಯನ್ನು ಜಾಸ್ತಿ ಹಿಡಿದಿಡುತ್ತದೆ, ತಣ್ಣನೆಯದು ಕಡಿಮೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 17 ಗ್ರಾಂ ಆವಿ ಹಿಡಿಯಬಲ್ಲದು. ಸೊನ್ನೆ ಡಿಗ್ರಿಗೆ ಬಂದರೆ 5 ಗ್ರಾಂ ಕೂಡ ಹಿಡಿಯುವುದಿಲ್ಲ. ಉಳಿದದ್ದು ನೀರಾಗಲೇಬೇಕು. 20 ಡಿಗ್ರಿಯ, ಅರ್ಧದಷ್ಟೇ ತೇವ ಇರುವ ಸಾಧಾರಣ ಕೋಣೆಯ ಗಾಳಿ ಕೂಡ 9 ಡಿಗ್ರಿಗಿಂತ ತಣ್ಣಗಿರುವ ಮರವನ್ನು ಮುಟ್ಟಿದರೆ ಹನಿ ಕಟ್ಟುತ್ತದೆ. ತಣ್ಣೀರು ತುಂಬಿದ ಲೋಟದ ಹೊರಗೆ ಬೆವರು ಮೂಡುತ್ತದಲ್ಲ, ಅದೇ ಕಥೆ.

ಸೀಲಿಂಗಿಗೂ ಮಾಡಿಗೂ ನಡುವಿನ ಅಟ್ಟದಲ್ಲಿ ಇದು ಮೊದಲು ಕಾಣುವುದು ಮೊಳೆಗಳ ತುದಿಯಲ್ಲಿ. ಹೊರಗಿನ ಚಳಿಯನ್ನು ಮರಕ್ಕಿಂತ ಬೇಗ ಒಳಗೆ ತರುವುದು ಕಬ್ಬಿಣ. ಹಿಮ ಬೀಳುವ ಕಡೆ ಆ ಹನಿ ಹೆಪ್ಪುಗಟ್ಟಿ ದಿನಗಟ್ಟಲೆ ಅಲ್ಲೇ ಕೂರುತ್ತದೆ. ಆಮೇಲೆ ಒಂದು ದಿನ ಚೆನ್ನಾಗಿ ಬಿಸಿಲು ಬಂದಾಗ ಎಲ್ಲ ಒಟ್ಟಿಗೆ ಕರಗುತ್ತದೆ. ಬಿಸಿಲಿನ ದಿನ ಸೋರುವ ಮಾಡು! ಮನೆಯವರು ಗಾಬರಿಯಾಗುವುದು ಸಹಜ. ಆ ಗಾಬರಿಯಲ್ಲೇ ತಪ್ಪು ರಿಪೇರಿಗೆ ದುಡ್ಡು ಹೋಗುತ್ತದೆ.

ಮರದಲ್ಲಿ ತೇವ ಶೇಕಡಾ 20ರೊಳಗೆ ಇದ್ದರೆ ಚಿಂತೆಯಿಲ್ಲ. 28-30ರ ಹತ್ತಿರ ಬಂದು ಅಲ್ಲೇ ನಿಂತರೆ ಕೊಳೆಯುವ ಶಿಲೀಂಧ್ರ ಬೇರೂರುತ್ತದೆ. ಅದಕ್ಕೂ ಮೊದಲೇ ಬೂಷ್ಟು ಹಿಡಿಯುತ್ತದೆ, ಪ್ಲೈವುಡ್ ಪದರ ಬಿಡುತ್ತದೆ, ಶಾಖ ತಡೆಯಲು ಹಾಸಿದ ಇನ್ಸುಲೇಶನ್ ಒದ್ದೆಯಾಗಿ ಕೆಲಸಕ್ಕೆ ಬಾರದಂತಾಗುತ್ತದೆ.

ಗಾಳಿಯಾಟದ ಲೆಕ್ಕ ಬರುವುದು ಇಲ್ಲಿ. ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ. ಮಾಡಿನ ನೆತ್ತಿಯಲ್ಲಿ ದಾರಿ ಇದ್ದರೆ ಹೊರಗೆ ಹೋಗುತ್ತದೆ. ಅದರ ಜಾಗಕ್ಕೆ ಸೂರಿನ, ಅಂದರೆ ಗೋಡೆಯಾಚೆ ಚಾಚಿದ ಮಾಡಿನ ಅಂಚಿನ, ಕೆಳಗಿನ ಕಿಂಡಿಯಿಂದ ಹೊಸ ಗಾಳಿ ಬರುತ್ತದೆ. ಹೊರಗೆ ಬೀಸುವ ಗಾಳಿಯೂ ಕೈಜೋಡಿಸುತ್ತದೆ: ಒಂದು ಕಡೆ ಒಳಕ್ಕೆ ತಳ್ಳುತ್ತದೆ, ಇನ್ನೊಂದು ಕಡೆ ಎಳೆಯುತ್ತದೆ. ಮೋಟಾರ್ ಬೇಡ, ಕರೆಂಟ್ ಬೇಡ. ಆದರೆ ಎರಡು ದಾರಿಯೂ ಇರಲೇಬೇಕು.

ಎಷ್ಟು ಕಿಂಡಿ ಬೇಕು? ಅಟ್ಟದ ನೆಲದ 300 ಚದರ ಅಡಿಗೆ 1 ಚದರ ಅಡಿ ಅನ್ನುವ ಲೆಕ್ಕ ಅಮೆರಿಕದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಷನ್ 1942ರಲ್ಲಿ ತಂದ ನಿಯಮದ್ದು. ಅಲ್ಲಿನ ಈಗಿನ ನಿಯಮದಲ್ಲಿ ಸಾಧಾರಣ ಅಳತೆ 150ಕ್ಕೆ 1. ಕಿಂಡಿಯ ಶೇಕಡಾ 40ರಿಂದ 50 ನೆತ್ತಿಯ ಹತ್ತಿರ, ಉಳಿದದ್ದು ಕೆಳಗೆ ಅಂತ ಹಂಚಿದ್ದರೆ 300ಕ್ಕೆ 1 ಸಾಕು. ತೀರಾ ಚಳಿಯ ಕಡೆ ಸೀಲಿಂಗಿಗೆ ಆವಿ ತಡೆಯುವ ಪದರವೂ ಇರಬೇಕು. 1200 ಚದರ ಅಡಿಯ ಮನೆ ಅಂದುಕೊಳ್ಳಿ. ಒಟ್ಟು 4 ಚದರ ಅಡಿ ಬೇಕು, ಮೇಲೆ 2, ಕೆಳಗೆ 2. ಎರಡೂ ಬದಿಯ ಸೂರು 40 ಅಡಿ ಉದ್ದ ಇದ್ದರೆ, ಉದ್ದಕ್ಕೂ ಕಾಲು ಇಂಚಿಗಿಂತ ಸ್ವಲ್ಪ ಜಾಸ್ತಿ ಸೀಳು ಬಿಟ್ಟರೂ ಈ ಲೆಕ್ಕ ಮುಗಿಯುತ್ತದೆ. ಅಷ್ಟೇನಾ ಅನ್ನಿಸುತ್ತದೆ ಅಲ್ವಾ? ಆದರೆ ಇದು ಗಾಳಿ ನಿಜವಾಗಿ ನುಸುಳುವ ಜಾಗದ ಅಳತೆ, ಕಿಂಡಿಯ ಚೌಕಟ್ಟಿನದ್ದಲ್ಲ. ಹುಳ ಬಾರದಂತೆ ಹಾಕುವ ಜಾಲರಿ, ಮಳೆ ತಡೆಯುವ ಪಟ್ಟಿಗಳು ಇದರಲ್ಲಿ ದೊಡ್ಡ ಪಾಲು ತಿಂದುಬಿಡುತ್ತವೆ. ಎರಡು ಪಟ್ಟು ಅಗಲ ಇಟ್ಟುಕೊಳ್ಳುವುದು ಕ್ಷೇಮ.

ನಾನು ನೋಡುವ ಮನೆಗಳಲ್ಲಿ ತೊಂದರೆ ಹೆಚ್ಚಾಗಿ ಇರುವುದು ಕೆಳಗಿನ ಕಿಂಡಿಯಲ್ಲಿ. ಕಾಗದದ ಮೇಲೆ ಕಿಂಡಿ ಇರುತ್ತದೆ. ಹತ್ತಿ ನೋಡಿದರೆ ಇನ್ಸುಲೇಶನ್ನನ್ನು ಸೂರಿನ ಮೂಲೆವರೆಗೆ ಒತ್ತಿ ತುಂಬಿರುತ್ತಾರೆ. ಇನ್ನು ಕೆಲವು ಕಡೆ ಬಣ್ಣ ಬಳಿದೂ ಬಳಿದೂ ಜಾಲರಿಯ ಕಣ್ಣು ಮುಚ್ಚಿರುತ್ತದೆ. ಹಳೇ ಸೂರಿನ ಹಲಗೆಗೆ ತೂತೇ ಕೊರೆಯದೆ ಅದರ ಮೇಲೆ ಅಂದದ ಹೊಸ ತೂತಿನ ಹಲಗೆ ಹೊಡೆದದ್ದೂ ಇದೆ. ಹೊರಗಿಂದ ನೋಡಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ! ಮಾಡಿನ ಹಲಗೆಗೂ ಇನ್ಸುಲೇಶನ್ನಿಗೂ ನಡುವೆ ಕನಿಷ್ಠ 1 ಇಂಚು ದಾರಿ ಬೇಕು. ಆ ಜಾಗ ಕುಸಿಯದಂತೆ ಹಿಡಿಯಲು ಜಂತೆಗಳ ನಡುವೆ ಕೂರಿಸುವ ಗಟ್ಟಿ ಹಾಳೆ ಸಿಗುತ್ತದೆ. ಅಗ್ಗದ ಸಾಮಾನು. ಆದರೂ ಅದನ್ನೇ ಬಿಟ್ಟುಬಿಡುತ್ತಾರೆ.

ಕೆಳಗೆ ದಾರಿ ಮುಚ್ಚಿರುವಾಗ ಮೇಲೆ ಇನ್ನಷ್ಟು ಕಿಂಡಿ ಕೊರೆದರೆ ಏನಾಗುತ್ತದೆ? ಹೊರಗೆ ಹೋಗುವ ಗಾಳಿಯ ಜಾಗಕ್ಕೆ ಎಲ್ಲಿಂದಾದರೂ ಗಾಳಿ ಬರಬೇಕಲ್ಲ. ಅದು ಮನೆಯೊಳಗಿಂದ ಬರುತ್ತದೆ. ಲೈಟಿನ ತೂತು, ವೈರ್ ಹಾದುಹೋದ ಜಾಗ, ಪೈಪಿನ ಸುತ್ತಲ ಸಂದು, ಅಟ್ಟದ ಬಾಗಿಲ ಅಂಚು, ಎಲ್ಲ ಕಡೆಯಿಂದ. ಬೆಚ್ಚಗಿನ, ಆವಿ ತುಂಬಿದ ಗಾಳಿ. ಯಾವುದನ್ನು ಹೊರಗೆ ಹಾಕಬೇಕು ಅಂತ ಹೊರಟೆವೋ ಅದನ್ನೇ ಇನ್ನಷ್ಟು ಎಳೆದುಕೊಂಡ ಹಾಗಾಯಿತು.

ಅಟ್ಟಕ್ಕೆ ಕರೆಂಟಿನ ಫ್ಯಾನ್ ಹಾಕಿಸಬಹುದಾ ಅಂತ ತುಂಬಾ ಜನ ಕೇಳುತ್ತಾರೆ. ಸಾಮಾನ್ಯವಾಗಿ ನಾನು ಬೇಡ ಅನ್ನುತ್ತೇನೆ. ಫ್ಯಾನಿನ ಎಳೆತ ಜೋರು. ಎಸಿ ತಂಪು ಮಾಡಿದ ಗಾಳಿಯನ್ನೇ ಅದು ಸೀಲಿಂಗಿನ ಸಂದಿನಿಂದ ಹೀರಿ ಹೊರಗೆಸೆಯಬಹುದು. ಗ್ಯಾಸ್ ಅಥವಾ ಸೌದೆ ಉರಿಯುವ ಬಾಯ್ಲರ್, ಒಲೆ ಒಳಗಿದ್ದರೆ ಇನ್ನೂ ಅಪಾಯ. ಹೊಗೆ ಕೊಳವೆಯ ಗಾಳಿ ಹಿಂದಕ್ಕೆ ತಿರುಗಿ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಾನಿಲ ಮನೆಯೊಳಗೆ ಬರುವ ಸಾಧ್ಯತೆ ಇದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ.

ಬಚ್ಚಲಿನ ಎಕ್ಸಾಸ್ಟ್ ಫ್ಯಾನಿನ ಪೈಪನ್ನು ಅಟ್ಟದೊಳಗೆ ಬಿಟ್ಟು ಕೈತೊಳೆದುಕೊಳ್ಳುವುದನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ಸ್ನಾನದ ಹಬೆಯೆಲ್ಲ ನೇರ ಮರದ ಮೇಲೆ. ಸೂರಿನ ಕಿಂಡಿಯ ಪಕ್ಕಕ್ಕೆ ತಂದು ಬಿಟ್ಟರೂ ಸರಿಯಲ್ಲ, ಅದೇ ಕಿಂಡಿ ಹಬೆಯನ್ನು ವಾಪಸ್ ಒಳಗೆಳೆಯುತ್ತದೆ. ಪೈಪ್ ಮಾಡನ್ನೋ ಗೋಡೆಯನ್ನೋ ದಾಟಿ ಪೂರ್ತಿ ಹೊರಗೆ ಹೋಗಬೇಕು.

ಬೇಸಿಗೆಯ ವಿಷಯಕ್ಕೆ ಬಂದರೆ, ಗಾಳಿಯಾಟಕ್ಕೆ ಸಲ್ಲಬೇಕಾದ್ದಕ್ಕಿಂತ ಜಾಸ್ತಿ ಹೊಗಳಿಕೆ ಸಿಗುತ್ತಿದೆ ಅನ್ನುವುದು ನನ್ನ ಅಭಿಪ್ರಾಯ. ಕಡು ಬಿಸಿಲಲ್ಲಿ ಅಟ್ಟ 60 ಡಿಗ್ರಿ ಮುಟ್ಟಬಹುದು, ನಿಜ. ಆದರೆ ಕಾದ ಮಾಡಿನಿಂದ ಸೀಲಿಂಗಿಗೆ ಶಾಖ ಬರುವುದು ಬಹುಪಾಲು ವಿಕಿರಣದಿಂದ. ನಡುವಿನ ಗಾಳಿ ಬದಲಾದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ. ಸೀಲಿಂಗಿನ ಮೇಲೆ ದಪ್ಪ ಇನ್ಸುಲೇಶನ್, ಮಾಡಿಗೆ ತಿಳಿ ಬಣ್ಣ, ಇವು ಕೊಡುವ ಲಾಭ ಜಾಸ್ತಿ. ಹಿಮದ ಊರುಗಳಲ್ಲಿ ಮಾತ್ರ ಕಥೆ ಬೇರೆ. ಅಲ್ಲಿ ಅಟ್ಟ ಬೆಚ್ಚಗಾದರೆ ಮಾಡಿನ ಮೇಲಿನ ಹಿಮ ಕರಗಿ, ಸೂರಿನ ತಣ್ಣನೆ ಅಂಚಿನಲ್ಲಿ ಮತ್ತೆ ಗಟ್ಟಿಯಾಗಿ ಕಟ್ಟೆಯಂತೆ ನಿಲ್ಲುತ್ತದೆ. ಹಿಂದೆ ನಿಂತ ನೀರು ಮಾಡಿನೊಳಗೆ ನುಗ್ಗುತ್ತದೆ. ಮಾಡನ್ನು ತಣ್ಣಗಿಡುವ ಗಾಳಿಯಾಟ ಅಲ್ಲಿ ತುಂಬಾ ಮುಖ್ಯ.

ಶೀಟಿನ ಮಾಡಿನ ಬಗ್ಗೆ ಒಂದು ಮಾತು. ಹೆಂಚಿನ ಸಂದುಗಳಲ್ಲಿ ಸ್ವಲ್ಪ ಗಾಳಿಯಾಡುತ್ತದೆ, ಶೀಟಿನಲ್ಲಿ ಅಷ್ಟಿಲ್ಲ. ಮೋಡವಿಲ್ಲದ ರಾತ್ರಿ ಲೋಹದ ಶೀಟ್ ತನ್ನ ಶಾಖವನ್ನೆಲ್ಲ ಆಕಾಶಕ್ಕೆ ಚೆಲ್ಲಿ ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಹೊರಗಿನ ಗಾಳಿಯಲ್ಲೇ ತೇವ ಜಾಸ್ತಿ ಇದ್ದರೆ, ಎಷ್ಟು ಕಿಂಡಿ ಬಿಟ್ಟರೂ ಶೀಟಿನ ಕೆಳಗೆ ಹನಿ ಕಟ್ಟುವುದು ತಪ್ಪುವುದಿಲ್ಲ. ಶೀಟಿನ ಅಡಿಗೇ ಇನ್ಸುಲೇಶನ್ ಅಂಟಿಸುವುದು ಅದಕ್ಕೆ ದಾರಿ.

ಇನ್ನು ಮಾಡಿನ ಅಡಿಗೇ ಫೋಮ್ ಹೊಡೆಸಿ, ಅಟ್ಟವನ್ನೂ ಮನೆಯ ಒಂದು ಕೋಣೆಯಂತೆ ಒಳಗೆ ಸೇರಿಸಿಕೊಂಡ ಮನೆಗಳೂ ಇವೆ. ಸರಿಯಾಗಿ ಮಾಡಿದರೆ ಅದೂ ಒಳ್ಳೆಯ ಪದ್ಧತಿ. ಅಲ್ಲಿ ಕಿಂಡಿ ಇರಲೇಬಾರದು. ಫೋಮೂ ಇದೆ, ಕಿಂಡಿಯೂ ಇದೆ ಅಂದರೆ ಹಾಕಿದ ದುಡ್ಡು ಗಾಳಿಗೆ ಹೋಯಿತು.

ನಿಮ್ಮ ಅಟ್ಟವನ್ನು ನೀವೇ ನೋಡಬಹುದು. ಹಗಲು ಹೊತ್ತು ಹತ್ತಿ, ಮಾಸ್ಕ್ ಹಾಕಿಕೊಳ್ಳಿ, ತೊಲೆಗಳ ಮೇಲೆ ಮಾತ್ರ ಕಾಲಿಡಿ, ಸೀಲಿಂಗ್ ಬೋರ್ಡ್ ನಿಮ್ಮ ಭಾರ ತಡೆಯುವುದಿಲ್ಲ. ಟಾರ್ಚ್ ಆರಿಸಿ ಸೂರಿನ ಕಡೆ ನೋಡಿ. ಉದ್ದಕ್ಕೂ ಬೆಳಕಿನ ಗೆರೆ ಕಂಡರೆ ಸಾಮಾನ್ಯವಾಗಿ ದಾರಿ ತೆರೆದಿದೆ ಅಂತ ಅರ್ಥ. ಆಮೇಲೆ ಟಾರ್ಚ್ ಹಚ್ಚಿ ಇನ್ಸುಲೇಶನ್ ನೋಡಿ. ಅಲ್ಲಲ್ಲಿ ಕಪ್ಪಾಗಿದ್ದರೆ ಅದು ಬೂಷ್ಟೇ ಆಗಬೇಕೆಂದಿಲ್ಲ. ಬಹಳ ಸಲ ಅದು ಬರೀ ಧೂಳು. ಕೆಳಗಿನ ತೂತಿನಿಂದ ನುಗ್ಗಿದ ಗಾಳಿ ಸೋಸಿಹೋಗುವಾಗ ಬಿಟ್ಟದ್ದು. ಅದನ್ನು ಎತ್ತಿದರೆ ಅಡಿಯಲ್ಲಿ ತೂತು ಸಿಗುತ್ತದೆ, ಸೀಲೆಂಟ್ ಹಾಕಿ ಮುಚ್ಚಿ. ಹೊಗೆ ಕೊಳವೆಯ ಸುತ್ತ ಮಾತ್ರ ಫೋಮ್ ಬೇಡ, ಬೆಂಕಿ ಹಿಡಿಯದ ತಗಡು ಮತ್ತು ಶಾಖ ತಡೆಯುವ ಸೀಲೆಂಟ್ ಬೇಕು.

ಕಂಟ್ರಾಕ್ಟರ್ ಬಂದಾಗ ಎರಡು ಅಂಕಿ ಕೇಳಿ: ಗಾಳಿ ಒಳಗೆ ಬರಲು ಎಷ್ಟು ಚದರ ಇಂಚು, ಹೊರಗೆ ಹೋಗಲು ಎಷ್ಟು. ಜಾಲರಿ ಕಳೆದು ಉಳಿಯುವ ಲೆಕ್ಕ ಬೇಕು ಅಂತ ಹೇಳಿ. ಆ ಲೆಕ್ಕ ಕೈಗೆ ಸಿಗುವವರೆಗೆ ಮಾಡಿಗೆ ಗರಗಸ ಹಾಕಲು ಬಿಡಬೇಡಿ.