ಬೇರೆ ಬೇರೆ ಫಿಂಚ್‌ಗಳು ಒಂದೇ ಪಂಜರದಲ್ಲಿ: ಗೂಡು ಇದ್ದಾಗ ಒಂದು ಲೆಕ್ಕ, ಇಲ್ಲದಾಗ ಇನ್ನೊಂದು

ಫಿಂಚ್ ಅಂದರೆ ಪಂಜರದಲ್ಲಿ ಸಾಕುವ, ಕಾಳು ತಿನ್ನುವ ಪುಟ್ಟ ಹಕ್ಕಿ. ಯಾವ ಫಿಂಚ್ ಯಾವುದರ ಜತೆ ಇರುತ್ತದೆ ಅಂತ ಹುಡುಕಿದರೆ ಪಟ್ಟಿಗಳಿಗೇನೂ ಕಮ್ಮಿಯಿಲ್ಲ. ಆದರೆ ಒಂದು ಪಟ್ಟಿಗೂ ಇನ್ನೊಂದಕ್ಕೂ ತಾಳೆಯಾಗುವುದಿಲ್ಲ. ಒಂದು ಕಡೆ ಜೀಬ್ರಾ ಫಿಂಚ್ ಮತ್ತು ಬೆಂಗಾಲಿ ಫಿಂಚ್ ಒಟ್ಟಿಗೆ ಆರಾಮಾಗಿ ಇರುತ್ತವೆ ಅಂತ ಬರೆದಿರುತ್ತಾರೆ. ಇನ್ನೊಂದು ಕಡೆ ಅವೆರಡನ್ನೇ ಬೇರೆ ಇಡಿ ಅಂತ. ನನ್ನ ತಲೆ ಕೆಡಿಸಿದ್ದು ಇದೇ. ಈಗ ಗೊತ್ತಾಗಿರುವುದು ಏನೆಂದರೆ, ಇಬ್ಬರು ಹೇಳುವುದೂ ನಿಜ. ಒಬ್ಬರು ಗೂಡಿಲ್ಲದ ಪಂಜರ ನೋಡಿ ಬರೆದಿದ್ದಾರೆ. ಇನ್ನೊಬ್ಬರು ಗೂಡು ಕಟ್ಟಿದ ಪಂಜರ ನೋಡಿ ಬರೆದಿದ್ದಾರೆ. ಹಕ್ಕಿ ಅದೇ, ಉತ್ತರ ಮಾತ್ರ ಬೇರೆ.

ಇದು ಮರೆತುಹೋಗುವ ಮೊದಲು ಬರೆದಿಡುತ್ತಿದ್ದೇನೆ. ಕಾರವಾರ, ಅಂಕೋಲಾ, ಕುಮಟಾ ಕಡೆ ಜಗಲಿಯಲ್ಲಿ ಪಂಜರ ಇಡುವವರಿಗೆ, ಘಟ್ಟ ಹತ್ತಿದರೆ ಸಿರ್ಸಿ ಕಡೆಯವರಿಗೆ ಉಪಯೋಗವಾಗಬಹುದು. ದಿನಾ ನೀರು ಬದಲಿಸುವುದು, ತಟ್ಟೆ ತೊಳೆಯುವುದು ಇದೆಲ್ಲ ಎಲ್ಲರಿಗೂ ಗೊತ್ತು, ಬಿಟ್ಟಿದ್ದೇನೆ.

ಜಗಳ ಎರಡು ಥರ

ಫಿಂಚ್‌ಗಳ ಜಗಳವನ್ನು ಒಂದೇ ಅಂತ ತಿಳಿದರೆ ಏನೂ ಅರ್ಥವಾಗುವುದಿಲ್ಲ. ಮೊದಲನೆಯದು ಜೋಡಿಗಾಗಿ ನಡೆಯುವ ಜಗಳ. ಇದು ತನ್ನ ಥರವೇ ಕಾಣುವ ಹಕ್ಕಿಯ ಜತೆ ಮಾತ್ರ. ಗಂಡು ಜೀಬ್ರಾಕ್ಕೆ ಇನ್ನೊಂದು ಗಂಡು ಜೀಬ್ರಾ ಎದುರಾಳಿ. ಪಕ್ಕದಲ್ಲಿ ಕೂತ ಗಂಡು ಬೆಂಗಾಲಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಎರಡನೆಯದು ಗೂಡಿಗಾಗಿ ನಡೆಯುವ ಜಗಳ. ಇದರಲ್ಲಿ ಜಾತಿ ನೋಡುವುದಿಲ್ಲ, ಗೂಡಿನ ಬಾಯಿಗೆ ಯಾರು ಬಂದರೂ ಶತ್ರುವೇ.

ಹಾಗಾಗಿ ಮೊದಲು ವಿಚಿತ್ರ ಅನಿಸಿದ ಒಂದು ಮಾತು ಈಗ ಸರಿ ಅನಿಸುತ್ತದೆ. ಒಂದೇ ಥರದ ಹಕ್ಕಿಗಳಿಗಿಂತ, ಬೇರೆ ಬೇರೆ ಥರದವನ್ನು ಒಂದೊಂದು ಜೋಡಿ ಇಟ್ಟರೆ ಶಾಂತಿ ಜಾಸ್ತಿ. ಬಣ್ಣವೂ ಇಲ್ಲಿ ಕೆಲಸ ಮಾಡುತ್ತದೆ. ಕೆಂಪು ಮುಖದ ಎರಡು ಬೇರೆ ಜಾತಿಗಳನ್ನು ಕೂಡಿಸಿದರೆ ಒಂದನ್ನೊಂದು ತಮ್ಮವರೇ ಅಂತ ತಿಳಿದು ಹೊಡೆದಾಡಬಹುದು. ಗೌಲ್ಡಿಯನ್ ಅನ್ನುವ ಫಿಂಚ್‌ನಲ್ಲಿ ಕೆಂಪು ತಲೆ, ಕಪ್ಪು ತಲೆ, ಹಳದಿ ತಲೆ ಅಂತ ಮೂರು ಬಣ್ಣ ಇದೆ ಅಲ್ವಾ? ಅದರಲ್ಲಿ ಕೆಂಪು ತಲೆಯವು ಹೆಚ್ಚು ಜೋರು. ಕಪ್ಪು ತಲೆಯವು ಅವುಗಳಿಗೆ ದಾರಿ ಬಿಡುತ್ತವೆ.

ಎರಡು ಜೋಡಿ ಯಾಕೆ ಬೇಡ

ಒಂದು ಜೋಡಿ ಜೀಬ್ರಾ ಇಡಬಹುದು. ಮೂರು, ನಾಲ್ಕು ಜೋಡಿಯೂ ಇಡಬಹುದು. ಎರಡು ಜೋಡಿ ಮಾತ್ರ ಬೇಡ. ಓದಿದಾಗ ನನಗೆ ಇದು ಅರ್ಥವೇ ಆಗಲಿಲ್ಲ. ಎರಡಕ್ಕೆ ಜಗಳ ಆದರೆ ನಾಲ್ಕಕ್ಕೆ ಅದರ ದುಪ್ಪಟ್ಟು ಆಗಬೇಕಲ್ಲ?

ನಿಧಾನವಾಗಿ ಬಿಡಿಸಿ ನೋಡೋಣ. ಪಂಜರದಲ್ಲಿ ಎರಡೇ ಗಂಡು ಇವೆ ಅಂದುಕೊಳ್ಳಿ, ಒಂದು ಜೋರು, ಒಂದು ಮೆತ್ತಗೆ. ಜೋರಿನದಕ್ಕೆ ಇಡೀ ಪಂಜರದಲ್ಲಿ ಇರುವ ಎದುರಾಳಿ ಒಂದೇ. ಅದರ ಗಮನವೆಲ್ಲ ಬೆಳಗಿನಿಂದ ಸಂಜೆವರೆಗೆ ಅದೊಂದರ ಮೇಲೆ. ಮೆತ್ತಗಿನದು ಕಾಳಿನ ತಟ್ಟೆಗೆ ಬಂದರೂ ಓಡಿಸುತ್ತದೆ, ನೀರಿಗೆ ಬಂದರೂ ಓಡಿಸುತ್ತದೆ. ಕೊನೆಗೆ ಅದು ಮೂಲೆಯಲ್ಲಿ ತಳಕ್ಕೆ ಇಳಿದು ಕೂರುತ್ತದೆ. ಬೆನ್ನಿನ ಗರಿ ಕಿತ್ತಿರುತ್ತದೆ. ಹೊಟ್ಟೆಗೆ ಸರಿಯಾಗಿ ಬೀಳದೆ ಸೊರಗುತ್ತದೆ.

ಈಗ ನಾಲ್ಕು ಗಂಡು, ನಾಲ್ಕು ಹೆಣ್ಣು ಇವೆ ಅಂದುಕೊಳ್ಳಿ. ಜೋರಿನದು ಒಂದನ್ನು ಅಟ್ಟಿಸಿಕೊಂಡು ಹೋಗುತ್ತದೆ. ಅಷ್ಟರಲ್ಲಿ ಇನ್ನೊಂದು ಅದರ ಗೂಡಿನ ಹತ್ತಿರ ಬಂದಿರುತ್ತದೆ. ಅಟ್ಟುವುದನ್ನು ಬಿಟ್ಟು ವಾಪಸು ಬರಲೇಬೇಕು. ಅಟ್ಟಿಸಿಕೊಂಡ ಹಕ್ಕಿಗೆ ಅಷ್ಟರಲ್ಲಿ ಉಸಿರು ತೆಗೆಯಲು, ನಾಲ್ಕು ಕಾಳು ತಿನ್ನಲು ಸಮಯ ಸಿಗುತ್ತದೆ. ಜಗಳ ನಿಲ್ಲುವುದಿಲ್ಲ, ಆದರೆ ಹಂಚಿಹೋಗುತ್ತದೆ. ಒಂದೇ ಹಕ್ಕಿಯ ತಲೆ ಮೇಲೆ ಬೀಳುವುದಿಲ್ಲ. ಆಸ್ಟ್ರೇಲಿಯಾದ ಬಯಲಿನಲ್ಲಿ ಜೀಬ್ರಾ ಗುಂಪಾಗಿಯೇ ಬದುಕುವ ಹಕ್ಕಿ, ಅದಕ್ಕೆ ಗುಂಪು ಹೊಸದಲ್ಲ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಎರಡು ಜೋಡಿ ಜಗಳವಾಡುತ್ತಿವೆ ಅಂತ ಅದೇ ಪಂಜರಕ್ಕೆ ಇನ್ನೆರಡು ಜೋಡಿ ತಂದು ತುಂಬಬಾರದು. ಹಂಚಿಹೋಗಲು ಜಾಗವೂ ಬೇಕು. ಒಂದು ಜೋಡಿಗೆ ಎರಡೂವರೆ ಅಡಿ ಉದ್ದದ ಪಂಜರ ಸಾಕು. ನಾಲ್ಕು ಜೋಡಿ ಅಂದರೆ ಆರು ಅಡಿ ಉದ್ದ, ಮೂರು ಅಡಿ ಅಗಲದ ದೊಡ್ಡ ಪಂಜರವೇ ಆಗಬೇಕು. ಎತ್ತರ ಜಾಸ್ತಿ ಇದ್ದು ಉದ್ದ ಕಮ್ಮಿ ಇರುವ ಗೋಪುರದಂಥ ಪಂಜರ ನೋಡಲು ಚೆಂದ, ಫಿಂಚ್‌ಗೆ ಉಪಯೋಗವಿಲ್ಲ. ಅವು ಅಡ್ಡಡ್ಡ ಹಾರುತ್ತವೆ, ಮೇಲೆ ಕೆಳಗೆ ಅಲ್ಲ.

ಹೆಚ್ಚುವರಿ ಗಂಡು ಕೂಡ ಇದೇ ಲೆಕ್ಕಕ್ಕೆ ಬರುತ್ತದೆ. ಜೋಡಿಯಿಲ್ಲದ ಒಂದು ಗಂಡು ಇದ್ದರೆ ಅದು ಉಳಿದವರ ಜೋಡಿ ಒಡೆಯಲು ನೋಡುತ್ತದೆ. ಜೀಬ್ರಾದಲ್ಲಿ ಗಂಡನ್ನು ಗುರುತಿಸುವುದು ಸುಲಭ. ಕೆನ್ನೆಯಲ್ಲಿ ಕಿತ್ತಳೆ ಬಣ್ಣ, ಪಕ್ಕೆಯಲ್ಲಿ ಬಿಳಿ ಚುಕ್ಕೆ. ಪೂರ್ತಿ ಬಿಳಿ ಜೀಬ್ರಾ ಆದರೆ ಕೊಕ್ಕು ನೋಡಬೇಕು, ಗಂಡಿನದು ಹೆಚ್ಚು ಕೆಂಪು. ಬೆಂಗಾಲಿಯಲ್ಲಿ ಗಂಡು ಹೆಣ್ಣು ಒಂದೇ ಥರ. ಕತ್ತು ಉಬ್ಬಿಸಿ ಕುಣಿಯುತ್ತಾ ಹಾಡುವುದು ಗಂಡು. ಅಂಗಡಿಯಲ್ಲಿ ಜೋಡಿ ಅಂತ ಕೊಟ್ಟಿದ್ದರೂ ಹಾಡು ಕೇಳುವವರೆಗೆ ನಂಬಬಾರದು. ಇನ್ನೊಂದು, ಜೀಬ್ರಾ ಮರಿ ಸುಮಾರು ಮೂರು ತಿಂಗಳಿಗೆ ತಾನೇ ಮೊಟ್ಟೆಯಿಡುವ ವಯಸ್ಸಿಗೆ ಬರುತ್ತದೆ. ಇವತ್ತು ಸರಿಯಿರುವ ಲೆಕ್ಕ ಒಂದು ಹಂಗಾಮಿನಲ್ಲಿ ತಪ್ಪುತ್ತದೆ. ಬೆಳೆದ ಗಂಡು ಮರಿಗಳನ್ನು ತೆಗೆಯುತ್ತಿರಬೇಕು.

ಗೂಡಿನ ವಿಷಯ

ಇಡೀ ಟಿಪ್ಪಣಿಯಲ್ಲಿ ಇದೊಂದು ಭಾಗ ನೆನಪಿದ್ದರೂ ಸಾಕು ಅಂತ ನನಗನಿಸುತ್ತದೆ.

ಗೂಡು ತೆಗೆದರೆ ಅರ್ಧಕ್ಕರ್ಧ ಜಗಳ ತಾನಾಗಿಯೇ ಇಳಿಯುತ್ತದೆ. ಮರಿ ಬೇಡ, ಬಣ್ಣ ನೋಡಬೇಕು, ದನಿ ಕೇಳಬೇಕು ಅನ್ನುವವರು ಗೂಡು ಇಡಲೇಬಾರದು. ಫಿಂಚ್ ಮಲಗಲು ಗೂಡು ಬೇಕು ಅಂತ ಅಂಗಡಿಯಲ್ಲಿ ಹೇಳುತ್ತಾರೆ. ಕರಾವಳಿಯ ಸೆಕೆಗೆ ಅದು ಬೇಕಿಲ್ಲ. ಕೂರಲು ಕೋಲು, ಮರೆಗೆ ಒಂದಿಷ್ಟು ಸೊಪ್ಪಿನ ಟೊಂಗೆ ಸಾಕು. ಹೀಗೆ ಇಟ್ಟ ದೊಡ್ಡ ಪಂಜರದಲ್ಲಿ ಜೀಬ್ರಾ, ಬೆಂಗಾಲಿ, ಔಲ್ ಫಿಂಚ್, ಸ್ಟಾರ್ ಫಿಂಚ್ ಒಂದೊಂದು ಜೋಡಿ ಒಟ್ಟಿಗೆ ಇರಬಲ್ಲವು. ಆದರೆ ಜೀಬ್ರಾ ಹೆಣ್ಣು ಕಾಳಿನ ತಟ್ಟೆಯಲ್ಲೂ ಮೊಟ್ಟೆ ಇಟ್ಟುಬಿಡುತ್ತದೆ. ಆಳವಾದ ಬಟ್ಟಲು ಇಡಬೇಡಿ, ತಟ್ಟೆ ಚಪ್ಪಟೆಯಾಗಿರಲಿ.

ಮರಿ ಬೇಕು ಅಂದರೆ ಲೆಕ್ಕ ಬದಲಾಗುತ್ತದೆ. ಒಂದು ಜೋಡಿಗೆ ಎರಡು ಗೂಡು. ನಾಲ್ಕು ಜೋಡಿ ಇದ್ದರೆ ಎಂಟು. ಮತ್ತು ಎಲ್ಲವೂ ಒಂದೇ ಎತ್ತರದಲ್ಲಿ ಇರಬೇಕು. ಎತ್ತರದ ಮಾತನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಫಿಂಚ್‌ಗೆ ಎತ್ತರದ ಜಾಗವೇ ಸುರಕ್ಷಿತ ಜಾಗ. ಒಂದು ಗೂಡು ಮೇಲಿದ್ದು ಉಳಿದವು ಕೆಳಗಿದ್ದರೆ, ಕಾರವಾರ–ಸಿರ್ಸಿ ಬಸ್ಸಿನಲ್ಲಿ ಕಿಟಕಿ ಸೀಟಿಗೆ ನುಗ್ಗಿದ ಹಾಗೆ ಎಲ್ಲವೂ ಅದಕ್ಕೇ ನುಗ್ಗುತ್ತವೆ. ಎಂಟು ಗೂಡಿದ್ದರೂ ಇರುವುದು ಒಂದೇ ಗೂಡು ಅನ್ನುವ ಹಾಗೆ ಜಗಳ. ಎಲ್ಲವನ್ನೂ ಚಾವಣಿಯ ಹತ್ತಿರ ಒಂದೇ ಸಾಲಿಗೆ ಕಟ್ಟಿದರೆ ಆಸೆಪಡಲು ವಿಶೇಷ ಏನೂ ಇರುವುದಿಲ್ಲ. ಸಾಧ್ಯವಾದರೆ ಎರಡು ಗೂಡಿನ ನಡುವೆ ಒಂದು ಟೊಂಗೆ ಅಡ್ಡ ಇರಲಿ. ಒಂದರ ಬಾಯಿ ಇನ್ನೊಂದಕ್ಕೆ ಕಾಣದಿದ್ದರೆ ಒಳ್ಳೆಯದು.

ಇನ್ನು ಜೀಬ್ರಾ ಮತ್ತು ಬೆಂಗಾಲಿಯ ಪ್ರಶ್ನೆ. ಬೆಂಗಾಲಿ ಜಗಳಗಂಟಿ ಅಲ್ಲ. ಅದರ ಸಮಸ್ಯೆ ಅದರ ಸ್ನೇಹ. ಯಾರ ಗೂಡಾದರೂ ಸರಿ, ಒಳಗೆ ಹೋಗಿ ಕೂರುತ್ತದೆ. ನಾಲ್ಕೈದು ಬೆಂಗಾಲಿ ಒಂದೇ ಗೂಡಿನಲ್ಲಿ ಒತ್ತಿಕೊಂಡು ಮಲಗುವುದು ಮಾಮೂಲು. ಆ ಗೂಡಿನಲ್ಲಿ ಜೀಬ್ರಾದ ಮೊಟ್ಟೆ ಇದ್ದರೆ ಜೀಬ್ರಾ ಸುಮ್ನಿರುವುದಿಲ್ಲ. ಇದೇ ಗುಣದಿಂದ ಬೆಂಗಾಲಿ ಬೇರೆಯವರ ಮೊಟ್ಟೆಗೂ ಕಾವು ಕೊಡುತ್ತದೆ, ಮರಿ ಸಾಕುತ್ತದೆ. ಗೌಲ್ಡಿಯನ್ ಮರಿಗಳನ್ನು ಬೆಂಗಾಲಿಯಿಂದ ಸಾಕಿಸುವುದು ಇದಕ್ಕೇ. ಜೀಬ್ರಾದ ಚಟ ಬೇರೆ. ಅದು ಗೂಡು ಕಟ್ಟುವುದನ್ನು ನಿಲ್ಲಿಸುವುದಿಲ್ಲ. ನಾರು ಸಿಗುತ್ತಿದ್ದರೆ ಮೊಟ್ಟೆಯ ಮೇಲೆಯೇ ಇನ್ನೊಂದು ಪದರ ಹಾಸಿ, ಅದರ ಮೇಲೆ ಮತ್ತೆ ಮೊಟ್ಟೆ ಇಡುತ್ತದೆ. ಕೆಳಗಿನವು ಕಾವಿಲ್ಲದೆ ಹಾಳು. ಪಕ್ಕದ ಗೂಡಿನಿಂದ ನಾರು ಕದಿಯುವುದೂ ಉಂಟು.

ನನಗೆ ಬಹಳ ಇಷ್ಟವಾದ ಉಪಾಯ ಇಲ್ಲಿದೆ. ನಾರು, ಹುಲ್ಲು ಮೊದಲು ಧಾರಾಳವಾಗಿ ಕೊಡಿ. ಮೊದಲ ಮೊಟ್ಟೆ ಕಂಡ ದಿನ ಉಳಿದಿದ್ದನ್ನು ಪೂರ್ತಿ ತೆಗೆಯಿರಿ, ಒಂದು ಎಳೆಯೂ ಉಳಿಯದ ಹಾಗೆ. ಪದರದ ಸಮಸ್ಯೆ ಅಲ್ಲಿಗೆ ಮುಗಿಯಿತು. ನಮ್ಮಲ್ಲಿ ತೆಂಗಿನ ನಾರಿಗೆ ಬರವಿಲ್ಲ, ಸಿರ್ಸಿ ಕಡೆ ಕರಡ, ಅಂದರೆ ಒಣಹುಲ್ಲು, ಸಿಗುತ್ತದೆ. ನಾರನ್ನು ಬೆರಳುದ್ದಕ್ಕೆ ಕತ್ತರಿಸಿ ಕೊಡಬೇಕು. ಉದ್ದ ಎಳೆ ಕಾಲಿಗೆ ಸುತ್ತಿಕೊಂಡರೆ ಕಾಲೇ ಹೋಗುತ್ತದೆ. ಹತ್ತಿ, ಹೊಲಿಗೆ ದಾರ ಬೇಡವೇ ಬೇಡ.

ಕೊಕ್ಕು ನೋಡಿ

ಹೊಸ ಹಕ್ಕಿ ಸೇರಿಸಬಹುದೋ ಬೇಡವೋ ಅಂತ ಬೇಗ ತಿಳಿಯಲು ಕೊಕ್ಕು ನೋಡುವುದು ಒಳ್ಳೆಯದು. ಜಾವಾ ಗುಬ್ಬಿಯ ಕೊಕ್ಕು ದಪ್ಪ, ತೂಕ ಜೀಬ್ರಾದ ಎರಡು ಪಟ್ಟು. ಅದು ಕಚ್ಚಿದರೆ ಸಣ್ಣ ಹಕ್ಕಿಯ ಕಾಲು ಉಳಿಯುವುದಿಲ್ಲ. ಜಾವಾವನ್ನು ಜಾವಾ ಜತೆಗೇ ಇಡಿ. ಅದು ತನ್ನ ಊರಾದ ಇಂಡೋನೇಷ್ಯಾದ ಕಾಡಿನಲ್ಲಿ ಅಳಿವಿನ ಅಂಚಿನಲ್ಲಿದೆ, ಕಾಡುಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲೂ ಇದೆ. ಕೊಳ್ಳುವ ಮೊದಲು ನೋಂದಣಿ ಬಗ್ಗೆ ಅರಣ್ಯ ಇಲಾಖೆಯಲ್ಲಿ ಕೇಳಿ. ಆಫ್ರಿಕಾದ ಕಟ್ ಥ್ರೋಟ್ ಫಿಂಚ್ ಸುಮ್ಮನಿದ್ದಾಗ ಸಾಧು, ಗೂಡಿನ ಕಾಲದಲ್ಲಿ ಬೇರೆಯವರ ಗೂಡಿಗೆ ನುಗ್ಗುತ್ತದೆ. ಇಲ್ಲಿ ಎಲ್ಲರೂ ಲವ್ ಬರ್ಡ್ಸ್ ಅಂತ ಕರೆಯುವ ಬಡ್ಜಿ ಗಿಳಿಯ ಜಾತಿ. ಅದನ್ನು ಫಿಂಚ್ ಜತೆ ಇಡಲೇಬಾರದು.

ಗೌಲ್ಡಿಯನ್ ನಾಚಿಕೆಯ ಹಕ್ಕಿ. ಜೀಬ್ರಾದ ಗಲಾಟೆಗೆ ಅದು ಬೇಸತ್ತು ಗೂಡನ್ನೇ ಬಿಟ್ಟುಬಿಡುತ್ತದೆ. ಬೆಂಗಾಲಿ ಅಥವಾ ಔಲ್ ಫಿಂಚ್ ಜತೆ ಅದಕ್ಕೆ ನೆಮ್ಮದಿ. ಔಲ್ ಫಿಂಚ್ ಮತ್ತು ಜೀಬ್ರಾ ಹತ್ತಿರದ ಸಂಬಂಧಿಗಳು, ಜೋಡಿಯಿಲ್ಲದೆ ಬಿಟ್ಟರೆ ಬೆರಕೆ ಮರಿ ಆಗಬಹುದು.

ರಾಟವಾಳದ ಬಗ್ಗೆ

ಬೆಂಗಾಲಿ ಕಾಡಿನಲ್ಲಿ ಎಲ್ಲೂ ಇಲ್ಲದ ಹಕ್ಕಿ. ಸೊಂಟದಲ್ಲಿ ಬಿಳಿ ಪಟ್ಟೆಯಿರುವ ರಾಟವಾಳವನ್ನು (ಮುನಿಯಾ) ತಲೆಮಾರುಗಟ್ಟಲೆ ಸಾಕಿ ಸಾಕಿ ಆದದ್ದು. ಆ ರಾಟವಾಳ ನಮ್ಮ ಜಿಲ್ಲೆಯ ಪೊದೆಗಳಲ್ಲಿ, ಬೆಟ್ಟದಂಚಿನಲ್ಲಿ ಇವತ್ತಿಗೂ ಇದೆ. ಹಾಗಂತ ಅದನ್ನೋ, ಚುಕ್ಕೆ ರಾಟವಾಳವನ್ನೋ, ಕೆಂಪು ರಾಟವಾಳವನ್ನೋ ಹಿಡಿದು ತಂದು ಪಂಜರಕ್ಕೆ ಹಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಸ್ಟ್ರಾಬೆರಿ ಫಿಂಚ್ ಅಂತ ಯಾರಾದರೂ ಮಾರಲು ಬಂದರೆ ಅದು ನಮ್ಮ ಕೆಂಪು ರಾಟವಾಳವೇ ಅಂತ ಗೊತ್ತಿರಲಿ. ಕಾಳಜಿ ಇದ್ದವರು ಕೊಳ್ಳಬಾರದು.

ಮಳೆಗಾಲ ಮತ್ತು ಕಾಳು

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ದೊಡ್ಡ ವೈರಿ ತೇವ. ನವಣೆ, ಸಾಮೆ, ಬರಗು ಯಾವುದಕ್ಕಾದರೂ ಬೂಷ್ಟು ಹಿಡಿದರೆ ಆ ಬೂಷ್ಟೇ ಹಕ್ಕಿಯ ಉಸಿರಿನ ಚೀಲಕ್ಕೆ ಸೇರಿ ಕಾಯಿಲೆ ಆಗುತ್ತದೆ. ಮೂಸಿ ನೋಡಿ, ಮುಗ್ಗಲು ವಾಸನೆ ಬಂದರೆ ಎಸೆಯಿರಿ, ಮತ್ತೆ ಒಣಗಿಸಿ ಕೊಡಬೇಡಿ. ಮಳೆಗಾಲಕ್ಕೆಂದು ಚೀಲಗಟ್ಟಲೆ ತಂದಿಡುವುದಕ್ಕಿಂತ ಸ್ವಲ್ಪ ಸ್ವಲ್ಪ ತಂದು ಗಾಳಿಯಾಡದ ಡಬ್ಬಿಯಲ್ಲಿಡುವುದು ಒಳ್ಳೆಯದು. ಪಂಜರಕ್ಕೆ ಇರಚಲು ಹೊಡೆಯಬಾರದು. ಗೌಲ್ಡಿಯನ್‌ಗೆ ತೇವ ಮತ್ತು ಚಳಿ ಎರಡೂ ಆಗದು. ಸಿರ್ಸಿಯ ಚಳಿಗಾಲದ ರಾತ್ರಿಗೆ ಪಂಜರವನ್ನು ಒಳಗೆ ತರಬೇಕು.

ತಟ್ಟೆ ಎರಡು ಕಡೆ ಇರಲಿ, ಜೋರಿನ ಹಕ್ಕಿ ಒಂದನ್ನು ಕಾಯುತ್ತಿದ್ದರೆ ಉಳಿದವು ಇನ್ನೊಂದಕ್ಕೆ ಹೋಗುತ್ತವೆ. ಸುಣ್ಣದಂಶಕ್ಕೆ ಕಡಲ ನೊರೆ, ಅಂದರೆ ಕಟಲ್ ಫಿಶ್‌ನ ಒಳಚಿಪ್ಪು (ಕಟಲ್ ಬೋನ್), ಕೊಡುತ್ತಾರೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಈ ಬಿಳಿ ಚಿಪ್ಪು ನಮ್ಮ ದಂಡೆಗೆ ತಾನಾಗಿಯೇ ಬಂದು ಬೀಳುತ್ತದೆ. ಎಣ್ಣೆ, ಡಾಂಬರು ಹತ್ತದ ತುಂಡು ಆರಿಸಿ, ಕೆಲವು ದಿನ ಸಿಹಿನೀರು ಬದಲಿಸುತ್ತಾ ನೆನೆಸಿ, ಉಪ್ಪು ಹೋದ ಮೇಲೆ ಬಿಸಿಲಿಗೆ ಒಣಗಿಸಬೇಕು. ಮೊಟ್ಟೆಯಿಡುವ ಹೆಣ್ಣಿಗೆ ಇದು ಇಲ್ಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಂಡು ಪ್ರಾಣಕ್ಕೆ ಅಪಾಯ.

ಹೊಸದನ್ನು ಸೇರಿಸುವ ದಿನ

ಹುಬ್ಬಳ್ಳಿಯಿಂದಲೋ ಗೋವಾದಿಂದಲೋ ತಂದ ಹಕ್ಕಿಯನ್ನು ಒಂದು ತಿಂಗಳು ಬೇರೆ ಕೋಣೆಯಲ್ಲಿ ಇಡಬೇಕು. ಬಾಲ ಆಡಿಸುತ್ತಾ ಉಸಿರಾಡುವುದು, ಉಸಿರಿನಲ್ಲಿ ಟಿಕ್ ಟಿಕ್ ಸದ್ದು ಇದ್ದರೆ ಉಸಿರಿನ ನಾಳದಲ್ಲಿ ಹುಳ ಇರಬಹುದು, ಗೌಲ್ಡಿಯನ್‌ನಲ್ಲಿ ಇದು ಜಾಸ್ತಿ. ಅಂಥದ್ದನ್ನು ಪಶುವೈದ್ಯರಿಗೆ ತೋರಿಸದೆ ಕೂಡಿಸಬೇಡಿ.

ಕೂಡಿಸುವ ದಿನ ಹಳೆಯ ಹಕ್ಕಿಗಳನ್ನು ಹೊರಗೆ ತೆಗೆದು, ಕೋಲು ಮತ್ತು ಟೊಂಗೆಗಳ ಜಾಗ ಬದಲಿಸಿ, ಎಲ್ಲವನ್ನೂ ಒಟ್ಟಿಗೆ ಬೆಳಿಗ್ಗೆ ಬಿಡಿ. ಆಗ ಇದು ನನ್ನ ಮೂಲೆ ಅಂತ ಹೇಳಲು ಯಾರಿಗೂ ಹಳೆಯ ಹಕ್ಕು ಇರುವುದಿಲ್ಲ. ಗೂಡುಗಳನ್ನು ಆ ದಿನ ಕಟ್ಟಬೇಡಿ. ಎಲ್ಲವೂ ತಟ್ಟೆಯ ಹತ್ತಿರ ಹೆದರದೆ ಬರುತ್ತಿವೆ ಅಂತ ಖಾತ್ರಿಯಾದ ಮೇಲೆ, ಬೇಕಿದ್ದರೆ ಮಾತ್ರ, ಎಲ್ಲ ಗೂಡುಗಳನ್ನೂ ಒಂದೇ ದಿನ ಕಟ್ಟಿ.