ಸಯನೈಡಿಗೆ ಕೆಂಪು ಮದ್ದು: ಏರಿಸುವ ಮೊದಲು ರಕ್ತ ತೆಗೆದಿಡಿ

ಸಯನೈಡ್ ಮೈಸೇರಿದವರ ಬೆರಳಿಗೆ ಸಿಕ್ಕಿಸಿದ ಪಲ್ಸ್ ಆಕ್ಸಿಮೀಟರ್ 98 ತೋರಿಸುತ್ತಿರಬಹುದು. ಅದನ್ನು ನಂಬಿ ಕೂತರೆ ರೋಗಿ ಕೈತಪ್ಪುತ್ತಾರೆ. ರಕ್ತದಲ್ಲಿ ಆಮ್ಲಜನಕವಿದೆ, ಬಳಸಿಕೊಳ್ಳಬೇಕಾದ ಜೀವಕೋಶವೇ ಕೈಚೆಲ್ಲಿದೆ: ಮೈಟೋಕಾಂಡ್ರಿಯಾದ ಸೈಟೋಕ್ರೋಮ್ ಆಕ್ಸಿಡೇಸ್ ಕಿಣ್ವದ ಕಬ್ಬಿಣಕ್ಕೆ ಸಯನೈಡ್ ಕಚ್ಚಿಕೊಂಡಿರುತ್ತದೆ.

ರಕ್ತದ ಸಯನೈಡ್ ಮಟ್ಟದ ವರದಿ ಬರುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಮುಚ್ಚಿದ ಜಾಗದ ಬೆಂಕಿಯಿಂದ (ಆ ಹೊಗೆಯಲ್ಲೂ ಸಯನೈಡ್ ಇರಬಹುದು) ಬಂದವರ ಮೂಗು, ಬಾಯಲ್ಲಿ ಮಸಿ, ಮಂಕು ಕವಿದ ಪ್ರಜ್ಞೆ, ಕುಸಿದ ಬಿಪಿ, ಲೀಟರಿಗೆ 10 ಮಿಲಿಮೋಲ್ ದಾಟಿದ ಲ್ಯಾಕ್ಟೇಟ್ (ಜೀವಕೋಶ ಆಮ್ಲಜನಕ ಬಳಸಲಾಗದಾಗ ರಕ್ತದಲ್ಲಿ ಏರುವ ಆಮ್ಲ) ಕಂಡರೆ ಅಷ್ಟೇ ಸಾಕು, ಮದ್ದು ಶುರುಮಾಡಿ. ಕಹಿಬಾದಾಮಿ ವಾಸನೆ ಹುಡುಕಬೇಡಿ. ಅನೇಕರ ಮೂಗಿಗೆ ಅದು ಹುಟ್ಟಿನಿಂದಲೇ ತಿಳಿಯುವುದಿಲ್ಲ. ಶುದ್ಧ ಆಮ್ಲಜನಕ, ಉಸಿರಾಟದ ಆಸರೆ ಜೊತೆಜೊತೆಗೇ ನಡೆಯಲಿ.

ಮದ್ದು ಹೈಡ್ರಾಕ್ಸೊಕೊಬಾಲಮಿನ್. ಅದರ ಕೋಬಾಲ್ಟ್ ಸಯನೈಡನ್ನು ಹಿಡಿದು ಸಯನೊಕೊಬಾಲಮಿನ್, ಅಂದರೆ ಬಿ12 ವಿಟಮಿನ್ನಿನ ಒಂದು ರೂಪವಾಗಿ, ಮೂತ್ರದಲ್ಲಿ ಹೊರಹೋಗುತ್ತದೆ. ವಯಸ್ಕರಿಗೆ 5 ಗ್ರಾಂ. ಮಕ್ಕಳಿಗೆ ಕಿಲೋ ತೂಕಕ್ಕೆ 70 ಮಿಲಿಗ್ರಾಂ. (ಬಿ12 ಕೊರತೆಗೆ ಕೊಡುವ 1 ಮಿಲಿಗ್ರಾಂ ಆಂಪೂಲುಗಳಿಂದ ಇದನ್ನು ಹೊಂದಿಸಲು ಹೊರಟರೆ 5000 ಒಡೆಯಬೇಕು!)

5 ಗ್ರಾಂ ಪುಡಿಯ ಗಾಜಿನ ಸೀಸೆಗೆ 0.9% ಸಲೈನ್ 200 ಮಿಲಿ, ಗೆರೆಯವರೆಗೆ. ಆಮೇಲೆ ಕನಿಷ್ಠ 60 ಸೆಕೆಂಡು ಮೆಲ್ಲಗೆ ಮೇಲೆಕೆಳಗೆ ಮಗುಚಿ. ಅವಸರಕ್ಕೆ ಕುಲುಕಿದರೆ ನೊರೆಯೆದ್ದು, ಪುಡಿ ಕರಗಿತೋ ಇಲ್ಲವೋ ಕಾಣುವುದೇ ಇಲ್ಲ. 15 ನಿಮಿಷದಲ್ಲಿ ಪೂರ್ತಿ ಒಳಹೋಗಬೇಕು, ಅಂದರೆ ನಿಮಿಷಕ್ಕೆ ಸುಮಾರು 15 ಮಿಲಿ. ಗಾಳಿಕಿಂಡಿಯಿರುವ ಡ್ರಿಪ್ ಸೆಟ್ಟೇ ಬೇಕು: ಗಾಜಿನ ಸೀಸೆ ಚೀಲದಂತೆ ಕುಗ್ಗುವುದಿಲ್ಲ, ಗಾಳಿ ಒಳಬರದಿದ್ದರೆ ಹರಿವು ನಡುವೆಯೇ ನಿಲ್ಲುತ್ತದೆ. ಸುಧಾರಿಸದಿದ್ದರೆ ಇನ್ನೊಂದು 5 ಗ್ರಾಂ, ರೋಗಿಯ ಸ್ಥಿತಿ ನೋಡಿ 15 ನಿಮಿಷದಿಂದ 2 ಗಂಟೆ ಹಿಡಿದು ಏರಿಸಿ.

ಈ ಮದ್ದಿಗೆ ಪ್ರತ್ಯೇಕ ಲೈನ್ (ರಕ್ತನಾಳಕ್ಕೆ ಹಾಕಿದ ಕೊಳವೆ) ಮೀಸಲಿಡಿ. ಡಯಾಜೆಪಾಮ್, ಡೋಪಮಿನ್, ಡೊಬ್ಯುಟಮಿನ್, ರಕ್ತ, ಸೋಡಿಯಂ ಥಯೋಸಲ್ಫೇಟ್ ಯಾವುದೂ ಅದರಲ್ಲಿ ಹೋಗಕೂಡದು. ಸಯನೈಡಿಗೇ ಕೊಡುವ ಇನ್ನೊಂದು ಮದ್ದಾದ ಥಯೋಸಲ್ಫೇಟ್ (12.5 ಗ್ರಾಂ) ಕೊಡುವುದಿದ್ದರೆ ಇನ್ನೊಂದು ಕೈಗೆ. ಹಳೆಯ ಸಯನೈಡ್ ಮದ್ದಿನ ಕಿಟ್ಟಿನ 300 ಮಿಲಿಗ್ರಾಂ ಸೋಡಿಯಂ ನೈಟ್ರೈಟನ್ನು ಹೊಗೆ ಕುಡಿದವರಿಗೆ ಮುಟ್ಟಬಾರದು ಎಂಬುದೇ ನಮ್ಮ ಮಾತು. ಕಾರ್ಬನ್ ಮಾನಾಕ್ಸೈಡ್ ಆಗಲೇ ಒಂದಷ್ಟು ಹಿಮೋಗ್ಲೋಬಿನ್ನನ್ನು ಕೆಲಸಕ್ಕೆ ಬಾರದಂತೆ ಮಾಡಿರುತ್ತದೆ. ನೈಟ್ರೈಟ್ ಉಳಿದದ್ದರಲ್ಲೂ ಪಾಲು ಕಿತ್ತು, ಆಮ್ಲಜನಕ ಹೊರಲಾಗದ ಮೆಥಿಮೋಗ್ಲೋಬಿನ್ ಮಾಡುತ್ತದೆ.

ಇನ್ನು ಬಣ್ಣದ ಕಾಟ. ಕಡುಗೆಂಪು ದ್ರಾವಣ ರಕ್ತಕ್ಕೆ ಬೆರೆತ ಮೇಲೆ ಬಣ್ಣ ನೋಡಿ ಅಳೆಯುವ ಯಂತ್ರಗಳೆಲ್ಲ ಮೋಸಹೋಗುತ್ತವೆ: ಕ್ರಿಯೇಟಿನಿನ್, ಬಿಲಿರುಬಿನ್, ಕಾರ್ಬಾಕ್ಸಿಹಿಮೋಗ್ಲೋಬಿನ್ (ಕಾರ್ಬನ್ ಮಾನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್) ಅಂಕಿಗಳನ್ನು ನಂಬುವಂತಿಲ್ಲ. ಆದ್ದರಿಂದ ಡ್ರಿಪ್ ತೆರೆಯುವ ಮುನ್ನವೇ ಟ್ಯೂಬುಗಳು ತುಂಬಿರಲಿ. ಆದರೆ ರಕ್ತ ತೆಗೆಯಲಾಗಲಿಲ್ಲವೆಂದು ಮದ್ದನ್ನು ತಡೆಹಿಡಿಯಬೇಡಿ. ಬಿಪಿ ಸ್ವಲ್ಪ ಹೊತ್ತು ಏರಬಹುದು. ಚರ್ಮ ಎರಡು ವಾರ, ಮೂತ್ರ ಐದು ವಾರದವರೆಗೂ ಕೆಂಪಾಗಿರಬಹುದೆಂದು ಮನೆಯವರಿಗೂ ಡಯಾಲಿಸಿಸ್ ವಿಭಾಗದವರಿಗೂ ಮೊದಲೇ ಹೇಳಿಡಿ. ಇಲ್ಲವಾದರೆ ಯಂತ್ರ ಆ ಬಣ್ಣವನ್ನೇ ರಕ್ತ ಸೋರಿಕೆಯೆಂದು ಓದಿ ಡಯಾಲಿಸಿಸ್ಸನ್ನೇ ನಿಲ್ಲಿಸಿಬಿಡುತ್ತದೆ.